ಆರನೇ ಸಲ ಉದುರಬೇಕಿದ್ದ ಪಂಚೆ

ಹೊಳೆನರಸೀಪುರದ ನಿಲ್ದಾಣದಲ್ಲಿ ಚನ್ನರಾಯಪಟ್ಟಣದ ಬಸ್ಸು ಹತ್ತುವಾಗ ಸಿದ್ದರಾಜುವಿನ ಪಂಚೆಯ ಅಂಚು ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಿತು. ಸಿದ್ದರಾಜು ಮೇಲಿನ ಮೆಟ್ಟಿಲಿಗೆ ಹೋದ. ಪಂಚೆ ಕೆಳಗಿನ ಮೆಟ್ಟಿಲಲ್ಲೇ ಉಳಿಯಿತು.

ಐವತ್ತಮೂರು ವರ್ಷದ ಬೇರೆ ಯಾವ ಗೃಹಸ್ಥ ಹೀಗೆ ನೀಲಿ ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತಿದ್ದರೂ ಹೆಂಗಸರು ಮುಖ ತಿರುಗಿಸುತ್ತಿದ್ದರು, ಯಾರಾದರೊಬ್ಬರು ಬಗ್ಗಿ ಬಟ್ಟೆ ಎತ್ತಿಕೊಡುತ್ತಿದ್ದರು. ಸಿದ್ದರಾಜುವಿಗೆ ಚಪ್ಪಾಳೆ ಬಿತ್ತು.

"ಮೇಷ್ಟ್ರು ಕಣ್ಲಾ, ಶಾರ್ಟೇಜ್ ಮೇಷ್ಟ್ರು," ಎಂದು ಹಿಂದಿನ ಸೀಟಿನವನೊಬ್ಬ ಮೊಬೈಲು ಎತ್ತಿದ. "ಸಾ, ಇನ್ನೊಂದ್ ಕಿತ ಮಾಡಿ. ನಂದು ಆನೇ ಆಗ್ನಿಲ್ಲ."

"ಕ್ಯಾಮೆರಾ ಎಲ್ಲಿಟ್ಟವ್ರೆ ಸಾ?" ಕಂಡಕ್ಟರು ಸುತ್ತ ನೋಡಿದ. "ಮೊದ್ಲೇ ಏಳಿದ್ರೆ ತಲೆನಾದ್ರೂ ಬಾಚ್ಕತಿದ್ದೆ."

"ನಿಜವಾಗ್ಲೂ ಬಿಚ್ಚೋಗದೆ ಕಣಯ್ಯಾ. ಎತ್ಕೊಡು," ಎಂದ ಸಿದ್ದರಾಜು.

ಅದಕ್ಕೆ ಬಸ್ಸು ಇನ್ನಷ್ಟು ನಕ್ಕಿತು. ಕೊನೆಗೆ ಅವನೇ ಇಳಿದು, ಚಿಲಕದಿಂದ ಬಿಡಿಸಿ, ಸುತ್ತಿಕೊಂಡು, ಹಲ್ಲು ಕಡಿಯುತ್ತ ಕೂತ. ಜೇಬಿನಲ್ಲಿ ಮಗಳು ಮಾನಸಾ ಮನೆಯಲ್ಲಿ ಮರೆತುಹೋದ ಕನ್ನಡಕವಿತ್ತು. ಅದನ್ನು ಅವಳ ಕಾಲೇಜಿಗೆ ತಲುಪಿಸಲು ಹೊರಟವನು ಅವನು.

ಈ ಚಪ್ಪಾಳೆಯ ಮೂಲ ಹೇಳಿಬಿಡುವುದು ಒಳ್ಳೆಯದು. ಸಿದ್ದರಾಜು ಹಳೇಕೋಟೆಯವನು, ಪ್ರೌಢಶಾಲೆಯೊಂದರಲ್ಲಿ ಅಟೆಂಡರ್. ಎಂಟು ವರ್ಷದ ಹಿಂದೆ ಆ ಶಾಲೆಯಲ್ಲಿ 'ಅಟೆಂಡೆನ್ಸ್ ಶಾರ್ಟೇಜ್' ಎಂಬ ಕಾಲೇಜು ಹುಡುಗರ ನಗೆಚಿತ್ರ ತೆಗೆದರು. ಕನ್ನಡ ಮೇಷ್ಟ್ರ ಪಾತ್ರದವನು ಜ್ವರ ಬಂದು ಮಲಗಿದ. ಮೀಸೆಯಿಂದ ಹಿಡಿದು ನಿಲುವಿನವರೆಗೆ ಶಾಲೆಯ ಹೆಡ್‌ಮಾಸ್ಟರಿಗಿಂತ ಹೆಚ್ಚು ಹೆಡ್‌ಮಾಸ್ಟರಂತೆ ಕಾಣುತ್ತಿದ್ದ ಸಿದ್ದರಾಜುವಿಗೆ ಪಂಚೆ, ಕೋಟು ತೊಡಿಸಿ ನಿಲ್ಲಿಸಿದರು. ಪಂಚೆ ಕುರ್ಚಿಯ ಮೊಳೆಗೆ ಸಿಕ್ಕಿ ಉದುರಿತು. ಆ ತುಣುಕನ್ನು ಹಾಗೇ ಇಟ್ಟುಕೊಂಡರು. ಚಿತ್ರ ನೂರು ದಿನ ಓಡಿತು.

ಆಮೇಲೆ ಹೀರೋ ದುಬಾರಿಯಾದ, ಹೀರೋಯಿನ್ ಹೈದರಾಬಾದಿಗೆ ಹೋದಳು, ನಿರ್ದೇಶಕ ದೊಡ್ಡ ಮನುಷ್ಯನಾದ. ಅಗ್ಗಕ್ಕೆ ಉಳಿದದ್ದು ಹೆಸರಿನ ಅರ್ಧ ಮತ್ತು ಸಿದ್ದರಾಜು. ಎರಡನ್ನೂ ಹಾಸನದ ಫ್ಲೆಕ್ಸ್ ಅಂಗಡಿಯ ಧರ್ಮೇಂದ್ರ ಎತ್ತಿಕೊಂಡ. ಸೀಕ್ವೆಲ್ ಎಂದರೆ ಸಿಕ್ಕವರನ್ನೆಲ್ಲ ಹಾಕಿಕೊಂಡು ಮಾಡುವುದು ಎಂದು ತಿಳಿದ ಮನುಷ್ಯ ಅವನು. 'ಹಾಸ್ಟೆಲ್ ಶಾರ್ಟೇಜ್' ಬಂತು, 'ಕ್ಯಾಂಟೀನ್ ಶಾರ್ಟೇಜ್' ಬಂತು, 'ಟ್ಯೂಷನ್', 'ಸಪ್ಲಿಮೆಂಟರಿ' ಎಲ್ಲ ಬಂದವು. ಬೇಸಿಗೆ ರಜೆಯಲ್ಲಿ ಖಾಲಿ ಶಾಲೆ ಹಿಡಿದು ಹನ್ನೊಂದು ದಿನಕ್ಕೆ ಒಂದು ಚಿತ್ರ. ಕತೆ, ಬೆಳಕು, ಊಟ, ನಾಚಿಕೆ, ಎಲ್ಲದರಲ್ಲೂ ಶಾರ್ಟೇಜು. ಧಾರಾಳವಾಗಿದ್ದದ್ದು ಒಂದೇ: ಪ್ರತಿ ಚಿತ್ರದಲ್ಲೂ ಕನ್ನಡ ಮೇಷ್ಟ್ರ ಪಂಚೆ ಉದುರುತ್ತಿತ್ತು. ಮಾತಂತೂ ಇಲ್ಲವೇ ಇಲ್ಲ. ಉಳಿದವರಿಗೆಲ್ಲ ಪಂಚ್ ಡೈಲಾಗು, ಇವನಿಗೆ ಬರೀ ಪಂಚೆ.

ಚನ್ನರಾಯಪಟ್ಟಣಕ್ಕೆ ಸಿದ್ದರಾಜುವಿಗಿಂತ ಮೊದಲು, ಬಸ್ಸಿನಲ್ಲಿ ಇನ್ಯಾರೋ ಹಿಡಿದ ವಿಡಿಯೋ ತಲುಪಿತ್ತು. ಮಾನಸಾ ಅಲ್ಲಿನ ಖಾಸಗಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಪಾಠ ಹೇಳುವುದು ಕನ್ನಡವನ್ನೇ. ಸಿದ್ದರಾಜು ತರಗತಿಯ ಕಿಟಕಿಯ ಬಳಿ ನಿಂತಾಗ ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದ ಪಟ್ಟಾಪಟ್ಟಿ ಚಡ್ಡಿ ಆಗಲೇ ಒಣಗುತ್ತಿತ್ತು.

"ಮೇಡಂ, ಇವತ್ತು ಬಸ್ಸಲ್ಲಂತೆ," ಎಂದಿತು ಕೊನೆಯ ಬೆಂಚು. "ಒಂದು ಉಡದಾರ ಕೊಡಿಸ್ಬಾರ್ದಾ ಅಪ್ಪಾರಿಗೆ?"

ಮಾನಸಾ ಡಸ್ಟರು ತೆಗೆದುಕೊಂಡು, ಮೇಲಿನಿಂದ ಕೆಳಕ್ಕೆ ಎರಡು, ಅಡ್ಡಕ್ಕೆ ಒಂದು, ಹೀಗೆ ಮೂರು ಎಳೆತಕ್ಕೆ ಒರೆಸಿ ಹಳಗನ್ನಡದ ಪದ್ಯ ಬರೆಯತೊಡಗಿದಳು. ಒಂದು ದಿನದ ಒರೆಸುವಿಕೆಯಲ್ಲ ಅದು, ದಿನಾ ಒರೆಸಿ ಪಳಗಿದ ಕೈ. ಮನೆಯಲ್ಲಿ ಅವಳು ಈ ವಿಷಯ ಒಮ್ಮೆಯೂ ಎತ್ತಿರಲಿಲ್ಲ. ಸಿದ್ದರಾಜು ಕನ್ನಡಕವನ್ನು ಆಫೀಸಿನಲ್ಲಿ ಕೊಟ್ಟು, ಮಗಳಿಗೆ ಮುಖ ತೋರಿಸದೆ, ನೇರ ಹಾಸನದ ಬಸ್ಸು ಹಿಡಿದ. ಕಂಕುಳಲ್ಲಿ ಪಂಚೆಯ ತುದಿ ಅಮುಕಿಕೊಂಡೇ ಹತ್ತಿದ.

ಫ್ಲೆಕ್ಸ್ ಅಂಗಡಿಯಲ್ಲಿ ಹೊಸ ಚಿತ್ರ 'ಫೇರ್‌ವೆಲ್ ಶಾರ್ಟೇಜ್'ನ ಪೋಸ್ಟರು ಮೆಷಿನ್ನಿನಿಂದ ಹೊರಬರುತ್ತಿತ್ತು. ಧರ್ಮೇಂದ್ರ ಮೊದಲು ಪೋಸ್ಟರು ಮಾಡುತ್ತಿದ್ದ, ಕತೆ ಆಮೇಲೆ. 'ಒರಿಜಿನಲ್ ಮೇಷ್ಟ್ರು, ಆರನೇ ಸಲ' ಎಂದು ಆಳೆತ್ತರ ಬರೆದಿತ್ತು.

"ಬನ್ನಿ ಸಿದ್ದರಾಜಣ್ಣ. ಬಸ್ಸಿಂದು ನೋಡ್ದೆ. ಪುಕ್ಸಟ್ಟೆ ಪಬ್ಲಿಸಿಟಿ."

"ಈ ಸಲ ಪಂಚೆ ಬಿಚ್ಚಾಕಿಲ್ಲ ಕಣಪ್ಪಾ."

"ಯಾಕಣ್ಣ, ಚಳಿಯಾ?"

"ನನ್ ಮಗ್ಳು ಕನ್ನಡ ಪಾಠ ಮಾಡ್ತಾಳೆ. ಅವಳ ಬೋರ್ಡ್ ಮ್ಯಾಲೆ ನನ್ ಚಡ್ಡಿ ಬರೀತಾವ್ರೆ. ನಾಕು ಪಿಚ್ಚರ್ ಮಾಡ್ದಲ್ಲ, ಒಂದ್ರಾಗಾದ್ರೂ ಫಿಜಿಕ್ಸ್ ಮೇಷ್ಟ್ರುದು ಉದುರ್ಸಿದ್ಯಾ? ಇಂಗ್ಲಿಷ್ನೋರ್ದು?"

"ಅವ್ರು ಪ್ಯಾಂಟ್ ಆಕ್ತಾರಲ್ಲಣ್ಣ. ಬೆಲ್ಟ್ ಇರ್ತದೆ."

"ನಾನೂ ಬೆಲ್ಟ್ ಆಕ್ಕತೀನಿ. ಅಂಗೇ ಮಾತೂ ಬೇಕು. ಬೀಳ್ಕೊಡುಗೆ ಭಾಸಣ. ಎರಡು ಪೇಜು. ಆಗಾಕಿಲ್ಲ ಅಂದ್ರೆ ಈ ಪೋಸ್ಟರ್ನಾಗಿರೋ ಮೂತಿಗೆ ಮಸಿ ಬಳ್ಕೊ."

ಮೆಷಿನ್ನಿನಿಂದ ಇನ್ನೂ ಹತ್ತು ಮೂತಿ ಹೊರಬಂದವು. ಧರ್ಮೇಂದ್ರ ಅವುಗಳನ್ನು ನೋಡಿದ, ಇವನನ್ನು ನೋಡಿದ. ಫ್ಲೆಕ್ಸಿನವನಲ್ಲವೆ, ಎತ್ತ ಬೇಕಾದರೂ ಬಾಗುತ್ತಿದ್ದ.

"ಆಯ್ತು ಬುಡಣ್ಣ. ನೀವೇಳ್ದಂಗೇ."

ಅಷ್ಟು ಸಲೀಸಾಗಿ ಒಪ್ಪಿದ್ದೇ ಸಿದ್ದರಾಜುವಿನ ಕೋಪ ಹೆಚ್ಚಿಸಿತು. ಇಷ್ಟು ವರ್ಷ ಕೇಳದೆ ಹೋದೆನಲ್ಲ ಎಂದು ತನ್ನ ಮೇಲೂ ಸ್ವಲ್ಪ ಬಂತು. ಮನೆಗೆ ಬಂದು ಮಗಳೆದುರು ಕೂತು, "ಎರಡು ಪೇಜು ಬರ್ಕೊಡವ್ವ. ಮೇಷ್ಟ್ರು ಮಾತಾಡ್ದಂಗಿರ್ಬೇಕು" ಎಂದ. ಮಾನಸಾ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಪೆನ್ನು ತೆಗೆದಳು. ನಾಲ್ಕು ಸಲ ಹೊಡೆದುಹಾಕಿ ಐದನೆಯದನ್ನು ಕೊಟ್ಟಳು.

ಮುಹೂರ್ತ ಅರಕಲಗೂಡಿನ ಶಾಲೆಯೊಂದರಲ್ಲಿ ನಡೆಯಿತು. ಮೊದಲ ಚಿತ್ರದಲ್ಲಿ ಉದುರಿದ ಪಂಚೆಯನ್ನು ಧರ್ಮೇಂದ್ರ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ. ಪ್ರತಿ ಸಲ ಅದನ್ನು ತಟ್ಟೆಯಲ್ಲಿಟ್ಟು ಗಣಪತಿ ಫೋಟೋದ ಮುಂದೆ ಇಡುವುದು ಅವರ ಸೆಂಟಿಮೆಂಟು. ಅರ್ಚಕ ಷಡಕ್ಷರಿ ಪಂಚೆಗೆ ಅರಿಸಿನ ಕುಂಕುಮ ಹಚ್ಚಿ, ಹೂ ಇಟ್ಟು, ಮಂಗಳಾರತಿ ಎತ್ತಿದರು. ಎಲ್ಲರೂ ಕೈಮುಗಿದರು. ಎಂಟು ವರ್ಷ ಅದರೊಳಗಿದ್ದ ಮನುಷ್ಯನಿಗೆ ಒಂದು ಲೋಟ ಕಾಫಿ ಕೊಡಲು ಯಾರಿಗೂ ನೆನಪಾಗಲಿಲ್ಲ.

ಮೂರನೇ ದಿನ ಭಾಷಣದ ದೃಶ್ಯ. ಸಿದ್ದರಾಜು ಪಂಚೆ ಉಟ್ಟು, ಮೇಲೆ ಚರ್ಮದ ಬೆಲ್ಟು ಬಿಗಿದು, ಅದರ ಮೇಲೆ ಕೋಟಿನ ಗುಂಡಿ ಹಾಕಿ ಮೇಜಿನ ಮುಂದೆ ನಿಂತ. ಮೇಜಿಗೆ ನೆಲ ಮುಟ್ಟುವ ಬಟ್ಟೆ ಹೊದಿಸಿತ್ತು. "ಪ್ರೀತಿಯ ಮಕ್ಕಳೇ" ಎಂದು ಶುರು ಮಾಡಿ ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಹಿಂದಿನಿಂದ ಪಂಚೆಯನ್ನು ಯಾರೋ ಜಗ್ಗಿದರು. ಇನ್ನೊಮ್ಮೆ ಜಗ್ಗಿದರು. ಮೂರನೇ ಸಲ ಬಲವಾಗಿ ಜಗ್ಗಿದಾಗ ಪಂಚೆ ಬರಲಿಲ್ಲ, ಜಗ್ಗಿದವನೇ ಜಾರಿ ಮೇಜಿನ ಬಟ್ಟೆಯ ಆಚೆ ಬಂದ. ಸಹಾಯಕ ನಿರ್ದೇಶಕ ನಾಗೇಶ್. ಕೈಯಲ್ಲಿ ಮೀನು ಹಿಡಿಯುವ ನೈಲಾನು ದಾರ. ದಾರದ ಇನ್ನೊಂದು ತುದಿಯನ್ನು ಪಂಚೆಯ ಅಂಚಿಗೆ ಹೊಲಿದಿದ್ದರು.

"ಯಾರ್ಲಾ ಏಳಿದ್ದು?"

"ಧರ್ಮಣ್ಣ ಸಾ. ಒಂದೇ ಒಂದ್ಸಲ ಅಂದ್ರು."

ಸಿದ್ದರಾಜು ಕ್ಯಾಮೆರಾದ ಹಿಂದಿದ್ದ ಧರ್ಮೇಂದ್ರನ ಹತ್ತಿರ ಹೋದ. ದಾರದ ಜೊತೆ ನಾಗೇಶನೂ ಎರಡು ಹೆಜ್ಜೆ ಬಂದ.

"ಮಾತ್ ಕೊಟ್ಟಿದ್ದಲ್ಲಯ್ಯಾ."

"ಅಣ್ಣಾ, ಭಾಸಣ ಕೇಳೋಕೆ ಯಾರಣ್ಣ ಬತ್ತಾರೆ ಟಾಕೀಸ್ಗೆ? ಜನ ಅದಕ್ಕೇ ಕಾಯ್ತಾರೆ."

"ಜನ ಕಾಯ್ತಾರೆ ಅಂತ ನಾನು ಜಲ್ಮಪೂರ್ತಿ ಚಡ್ಡೀಲಿ ನಿಂತ್ಕಳ್ಳಾ? ನನ್ ಮಗ್ಳು ದಿನಾ ಬೋರ್ಡ್ ಒರಸ್ಕೊಂಡು ಇರ್ಲಾ? ನಿಮ್ಮಪ್ಪನ್ನ ಕರ್ಕೊಂಬಾ. ಇಲ್ಲಿ ನಿಲ್ಸು. ಅವ್ರುದು ಜಗ್ಗು. ನಾನೇ ದಾರ ಇಡ್ಕತೀನಿ."

ಸಿದ್ದರಾಜು ಅಂಚನ್ನು ಬಾಯಿಗೆ ತಂದು ದಾರ ಕಚ್ಚಿ ಕಡಿದ, ನಾಗೇಶನ ಜೇಬಿಗೆ ತುರುಕಿದ, ಹಿಂದಿರುಗಿ ಮೇಜಿನ ಮುಂದೆ ನಿಂತ.

"ಆನ್ ಮಾಡ್ರಪ್ಪ."

ಎರಡು ಪುಟವನ್ನೂ ಒಂದೇ ಉಸಿರಿಗೆ ಹೇಳಿದ. ಪ್ರೀತಿಯ ಮಕ್ಕಳಿಗೆ ಹೇಳಬೇಕಾದ ಮಾತನ್ನು ಹಾಗೆ ಗುಡುಗಿದ್ದನ್ನು ಅಲ್ಲಿದ್ದವರು ಹಿಂದೆಂದೂ ಕೇಳಿರಲಿಲ್ಲ. ಕಟ್ ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ.

ಚಿತ್ರ ಹಾಸನದಲ್ಲಿ ಶುಕ್ರವಾರ ಬೆಳಗಿನ ಆಟಕ್ಕೆ ಬಿಡುಗಡೆಯಾಯಿತು. ಮಾನಸಾ ಕಾಲೇಜಿಗೆ ರಜೆ ಹಾಕಿ ಅಪ್ಪನ ಪಕ್ಕ ಕೂತಳು. ಕಾಲೇಜಿನ ಕೊನೆಯ ಬೆಂಚು ಚಿತ್ರಮಂದಿರದಲ್ಲೂ ಕೊನೆಯ ಸಾಲೇ ಹಿಡಿದಿತ್ತು. ತೆರೆಯ ಮೇಲೆ ಕನ್ನಡ ಮೇಷ್ಟ್ರು ಮೇಜಿನ ಮುಂದೆ ಬಂದೊಡನೆ ಶಿಳ್ಳೆ ಬಿತ್ತು. ಪ್ರೀತಿಯ ಮಕ್ಕಳೇ ಎಂದಾಗ ನಗು ಶುರುವಾಯಿತು. ಒಂದನೇ ಪುಟ ಮುಗಿಯಿತು, ಪಂಚೆ ಜಾಗದಲ್ಲೇ ಇತ್ತು. "ಬಿಚ್ಚಿ ಮೇಷ್ಟ್ರೇ, ಟೈಮಾಯ್ತು" ಎಂದು ಒಬ್ಬ ಕೂಗಿದ. ಎರಡನೇ ಪುಟಕ್ಕೆ ಬರುವಾಗ ಕುರ್ಚಿಗಳು ಒಂದೊಂದಾಗಿ ಮಡಚಿಕೊಳ್ಳುವ ಸದ್ದು. "ಮೋಸ ಕಣ್ಲಾ ಇದು, ಪೋಸ್ಟರ್ನಾಗೆ ಏನ್ ಬರ್ದವ್ರೆ" ಎಂದು ಗೊಣಗುತ್ತ ಜನ ಹೊರಟರು. ಬಾಗಿಲ ಬಳಿ ಧರ್ಮೇಂದ್ರ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ.

ಮಾನಸಾ ಯಾರ ಕಡೆಗೂ ತಿರುಗಲಿಲ್ಲ. ತಾನು ಐದು ಸಲ ಬರೆದ ಸಾಲುಗಳು ಅಪ್ಪನ ಬಾಯಿಂದ ಒಂದೊಂದಾಗಿ ಬರುವುದನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ ಕೇಳಿದಳು. ಕೊನೆಯ ಸಾಲು ಮುಗಿದು ಮೇಷ್ಟ್ರು ಮೈತುಂಬ ಬಟ್ಟೆಯಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು, ತೆರೆಯಿಂದ ನಡೆದುಹೋದರು. ಅವಳು ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊತ್ತಿಕೊಂಡು ಅಪ್ಪನ ಕೈ ಹಿಡಿದಳು. ಅವನು ಇನ್ನೂ ತೆರೆಯನ್ನೇ ನೋಡುತ್ತಿದ್ದ.

"ಏನನ್ನಿಸ್ತಪ್ಪಾ, ನಿಂಗೆ?"

ಸಿದ್ದರಾಜು ಮಗಳ ಕಡೆ ತಿರುಗಿದ.

"ಸುಳ್ಯಾಕೇಳ್ಲಿ ಕಣವ್ವ," ಎಂದ. "ನಾನೂ ಈಗ ಉದುರ್ತದೆ, ಈಗ ಉದುರ್ತದೆ ಅಂತ್ಲೇ ಕಾಯ್ತಾ ಕೂತಿದ್ದೆ."