ಇಳಿಯುವವರ ಪಟ್ಟಿ

ಬೆಳಗ್ಗೆ ಒಂಬತ್ತು ಹನ್ನೆರಡು. ಗಡಿಯಾರದಲ್ಲಿ ಆ ಹೊತ್ತು ಕಂಡರೆ ನನ್ನ ಬಲಗೈ ಈಗಲೂ ತಾನಾಗಿ ಮುಷ್ಟಿ ಕಟ್ಟುತ್ತದೆ. ಮೊನ್ನೆ ಸೀನಣ್ಣನ ಪಾಕೆಟ್ ಕಂಪ್ಯೂಟರಿನ ಪರದೆ ಮಂಕಾದದ್ದನ್ನು ಕಂಡಾಗಲೂ ಹಾಗೇ ಆಯಿತು.

ನೀವು ಅದನ್ನು ನೋಡಿರಲಾರಿರಿ. ಕನ್ನಡಕದ ಪೆಟ್ಟಿಗೆಯಷ್ಟು ಉದ್ದ, ಕಡಲೆಕಾಳಿನಂಥ ಗುಂಡಿಗಳು, ಒಂದೇ ಸಾಲಿನ ಪರದೆ. ಸೀನಣ್ಣನಿಗೆ ಅವರ ಭಾವಮೈದುನ ಮಸ್ಕತ್‌ನಿಂದ ತಂದುಕೊಟ್ಟದ್ದು. ಮುಲುಂಡಿನಿಂದ ದಾದರಿಗೆ ನಾವಿಬ್ಬರೂ ಒಂದೇ ಲೋಕಲ್ ರೈಲಿನ ಗಿರಾಕಿಗಳು.

"ಇದನ್ನ ಇನ್ನೂ ಏನೇನಕ್ಕೆ ಉಪಯೋಗಿಸ್ಬಹುದು, ಹೇಳಯ್ಯ ಡಿಗ್ರಿ ಹೋಲ್ಡರ್" ಎಂದು ದಿನವೂ ಪೀಡಿಸುತ್ತಿದ್ದರು.

"ಅತ್ತಿಗೆ ಹುಟ್ಟಿದ ದಿನ ಹಾಕ್ಕೊಳ್ಳಿ. ಪ್ರತಿವರ್ಷ ಬೈಸ್ಕೋತೀರಲ್ಲ."

ಬಿ.ಎಸ್ಸಿ. ಓದಿದ ನನಗೆ ಅದಕ್ಕಿಂತ ದೊಡ್ಡದು ಹೊಳೆದಿರಲಿಲ್ಲ. ಅವರಿಗೆ ಹೊಳೆಯಿತು. ಲೋಕಲಿನಲ್ಲಿ ಕೂತವರನ್ನು "ಕಹಾಂ ಉತರೋಗೆ?", ಎಲ್ಲಿ ಇಳೀತೀರಿ, ಎಂದು ಕೇಳಿ, ಅವರ ಸೀಟನ್ನು ಮೊದಲೇ ತನ್ನದು ಮಾಡಿಕೊಳ್ಳುವುದು ಇಲ್ಲಿನ ರೂಢಿ. ಸೀನಣ್ಣ ನಮ್ಮ ಬೋಗಿಯ ನಿತ್ಯದವರನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಅದರೊಳಗೆ ತುಂಬಿದರು. ದಪ್ಪ ಮೀಸೆ, ಘಾಟ್ಕೋಪರ್. ಕೆಂಪು ಟಿಫಿನ್ನು, ಕುರ್ಲಾ. "ಇನ್ನು ಯಾರನ್ನೂ ಕೇಳಂಗಿಲ್ಲ ಕಣಯ್ಯ!"

ಆ ದಿನ ಸೀಟಿಲ್ಲದೆ ಬಾಗಿಲಲ್ಲಿ ನಿಂತಿದ್ದೆವು. ನಮ್ಮಿಬ್ಬರದೇ ಒಂದು ರೂಢಿಯೂ ಇತ್ತು: ಒಳಗಿರುವವನು ಅಂಚಿನವನ ಬ್ಯಾಗಿನ ಬೆಲ್ಟು ಹಿಡಿದಿರಬೇಕು. ಅಂಚಿನಲ್ಲಿ ಅವರು. ಕುರ್ಲಾ ದಾಟಿತ್ತು, ಗಂಟೆ ಒಂಬತ್ತು ಹನ್ನೆರಡು. "ಒತ್ತು, ನಿನ್ನ ಹೆಸರೂ ಇದೆ" ಎಂದು ಯಂತ್ರವನ್ನು ನನ್ನ ಎಡಗೈಗಿಟ್ಟರು. ಗುಂಡಿ ಒತ್ತಲು ಬಲಗೈ ಬೇಕು. ಬೆಲ್ಟು ಬಿಟ್ಟೆ. ಗಾಡಿ ಕುಲುಕಿತು. ತಲೆಯೆತ್ತಿದಾಗ ಅಂಚಿನಲ್ಲಿ ಬರೀ ಬೆಳಕಿತ್ತು.

ಸೀನಣ್ಣ ಉಳಿಯಲಿಲ್ಲ. ಯಂತ್ರವನ್ನು ಅತ್ತಿಗೆ ನನಗೇ ಕೊಟ್ಟರು. ಎರಡು ವರ್ಷ, ನಿದ್ದೆ ಮುರಿದಾಗೆಲ್ಲ ಅದರಲ್ಲಿ ಒಂದೇ ಸಾಲು ಓದುತ್ತಿದ್ದೆ: ಸೀನ, ದಾದರ್. ಹೊಸ ಉಪಯೋಗವೊಂದು ಹೊಳೆದರೆ ಹೇಳಲು ಈಗಲೂ ಲೋಕಲಿನಲ್ಲಿ ಪಕ್ಕಕ್ಕೆ ತಿರುಗುತ್ತೇನೆ.

ಪರದೆ ಮಂಕಾದದ್ದು ಯಂತ್ರದ ಸೆಲ್ ಮುಗಿಯುತ್ತಿದ್ದುದರಿಂದ; ಹೊಸದು ಹಾಕಲು ಹಳೆಯದನ್ನು ತೆಗೆದರೆ ಪಟ್ಟಿ ಅಳಿಸಿಹೋಗುತ್ತದೆ. ಪರದೆ ಪೂರ್ತಿ ಆರುವ ಮೊದಲು ತೋರಿಸೋಣವೆಂದು ಶನಿವಾರ ಅತ್ತಿಗೆಯ ಮನೆಗೆ ಒಯ್ದೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ಆ ಸಾಲನ್ನು ಓದಿದರು. ನಾನು ಬೆಲ್ಟಿನ ವಿಷಯ ಹೇಳಿಬಿಟ್ಟೆ.

"ಗೊತ್ತು ಕಣಪ್ಪ. ಬ್ಯಾಗ್ ಮನೆಗೆ ಬಂದಾಗ ನೋಡ್ದೆ, ಬೆಲ್ಟ್ ಕಿತ್ತಿರಲಿಲ್ಲ. ಯಾರೂ ಹಿಡಿದಿರಲಿಲ್ಲ ಅಂತ ಆವತ್ತೇ ತಿಳೀತು." ಯಂತ್ರವನ್ನು ಕೆಳಗಿಟ್ಟು ಹೇಳಿದರು: "ಹಿಡಿದಿದ್ರೆ ನೀನೂ ಹೋಗ್ತಿದ್ದೆ. ಏಳು, ಕೈ ತೊಳ್ಕೋ."

ಊಟದ ನಡುವೆ ಪರದೆ ಆರಿತು. ಇಬ್ಬರೂ ನೋಡಿದೆವು. ಸಾರು ಇನ್ನಷ್ಟು ಬಡಿಸಿದರು.

ಆ ಶನಿವಾರ ಮಲಗಿದ ನನ್ನನ್ನು ಎಬ್ಬಿಸಿದ್ದು ಭಾನುವಾರದ ಹಾಲಿನವನು.