ಕಮಾನು ಪಟ್ಟೆ ಹೇಳಿದ್ದು

ನಮ್ಮ ಯಜಮಾನರು ತೀರಿಕೊಂಡ ಎಂಟು ತಿಂಗಳಿಗೆ ಅವರ ಫೋರ್ ವೀಲ್ ಜೀಪನ್ನು ನಾನೇ ಚಿಂತಾಮಣಿಗೆ ಓಡಿಸಿಕೊಂಡು ಹೋದೆ. ಹಿಪ್ಪುನೇರಳೆ ಸೊಪ್ಪು ತುಂಬಿದ ಟ್ರೈಲರ್ ಸಿಕ್ಕಿಸಿದರೆ ಸಾಕು, ಜೀಪಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತಿತ್ತು. ಗಾಡಿಯ ಭಾರ ಹೊರುವ, ಸವೆದ ಕಮಾನು ಪಟ್ಟೆಗಳನ್ನು ತೆಗೆಸಿ ಗಟ್ಟಿಯಾದವನ್ನು ಹಾಕಿಸಬೇಕಿತ್ತು.

ಅಲ್ಲಿನ ಗ್ಯಾರೇಜಿನಲ್ಲಿ ಕಮಾನು ಕೆಲಸದ ಹಿರಿಯರು ಪಟ್ಟೆಗಳನ್ನು ಬಿಚ್ಚಿ ನೆಲದ ಮೇಲೆ ಒಂದೊಂದಾಗಿ ಜೋಡಿಸಿದರು. ನಡುವಿನದು ಎರಡು ತುಂಡಾಗಿತ್ತು. ಮುರಿದ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

"ಇದು ಮುರಿದು ಎರಡು ವರ್ಷದ ಮೇಲಾಗಿದೆ ಕಣಮ್ಮ. ಅಂಚು ಸವೆದು ನುಣ್ಣಗಾಗಿದೆ ನೋಡಿ. ಆದ್ರೂ ಮಿಕ್ಕಿದ್ದು ಒಂದೂ ಸೀಳಿಲ್ಲ. ಓಡಿಸ್ತಿದ್ದೋರು ಒಂದೊಂದು ಗುಂಡೀಲೂ ಕೂಸು ಇಳಿಸ್ದಂಗೆ ಗಾಡಿ ಇಳಿಸಿರ್ಬೇಕು. ಯಾರಮ್ಮ ಅವರು?"

ನಾನು ಬೆರಗಾಗಿ ನಿಂತುಬಿಟ್ಟೆ. ತೀರಿಕೊಳ್ಳುವವರೆಗೂ ದಿನಾ ಬೆಳಿಗ್ಗೆ ಯಜಮಾನರೇ ನನ್ನನ್ನು ಆ ಜೀಪಿನಲ್ಲಿ ನಾನು ಪಾಠ ಮಾಡುವ ಶಾಲೆಗೆ ಬಿಡುತ್ತಿದ್ದರು. "ಎತ್ತಿನ ಗಾಡಿಯೇ ವಾಸಿ, ಪ್ರಾರ್ಥನೆ ಮುಗಿದೇ ಹೋಯ್ತು" ಎಂದು ನಾನು ಬಯ್ಯದ ದಿನವಿರಲಿಲ್ಲ. ಪಟ್ಟೆ ಮುರಿದಿದೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ ನಾನು ಜೀಪು ಹತ್ತುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿದ್ದಿರಬೇಕು. ನನಗೆ ಗೊತ್ತಾಗದ ಮನುಷ್ಯನನ್ನು ಈ ಹಿರಿಯರು ಒಂದು ಕಬ್ಬಿಣದ ತುಂಡಿನಲ್ಲಿ ಓದಿದ್ದರು.

"ನಮ್ಮ ಯಜಮಾನರು. ಈಗಿಲ್ಲ" ಎಂದೆ.

ಹಿರಿಯರು ಮುರಿದ ತುಂಡನ್ನು ಮೆಲ್ಲಗೆ ಪಕ್ಕಕ್ಕಿಟ್ಟರು. ಆಮೇಲೆ, "ಇನ್ಮೇಲೆ ಯಾರಮ್ಮ ಓಡಿಸೋದು?" ಎಂದರು.

"ನಾನೇ."

"ನೀವು ಗುಂಡಿ ಮೇಲೆಲ್ಲಾ ಹಾರಿಸ್ಕೊಂಡು ಬಂದಿದ್ದು ನೋಡ್ದೆ" ಎಂದು ಎದ್ದರು. "ತಾಳಿ, ಇನ್ನೊಂದು ಪಟ್ಟೆ ಜಾಸ್ತಿ ಹಾಕ್ಬಿಡ್ತೀನಿ."