ನೆಣ ಸವರಿದ ಬ್ರೆಡ್ಡು

ನೆಬ್ರಾಸ್ಕಾದ ಆ ಚೆಕ್ ಜನರ ಊರಿನಲ್ಲಿ ಮದುವೆಯಾಗಲಿ, ಮಣ್ಣಾಗಲಿ, ಆಲ್ಬೀನಾ ಮಾಡಿದ ಕೊಲಾಚೆ ಇರಲೇಬೇಕಿತ್ತು. ನಡುವೆ ಗಸಗಸೆ ಹೂರಣವಿಟ್ಟ ಆ ಪುಟ್ಟ ಬನ್ನು ಬಾಯಲ್ಲಿಟ್ಟರೆ ಕರಗುತ್ತಿತ್ತು. ಎಲ್ಲ ಹಂದಿ ನೆಣದ ಮಹಿಮೆ! ಚಳಿಗಾಲದಲ್ಲಿ ಮನೆಯ ಹಂದಿ ಕಡಿದಾಗ ನೆಣ ಕಾಸಿ, ಸೋಸಿ, ಜಾಡಿಗೆ ತುಂಬಿಟ್ಟರೆ ವರ್ಷವಿಡೀ ಆಗುತ್ತಿತ್ತು. ಗಂಡ ಲುಮೀರ್ ಹೊಲದಿಂದ ಬಂದವನೇ ಅದನ್ನು ರೈ ಬ್ರೆಡ್ಡಿಗೆ ದಪ್ಪಗೆ ಸವರಿ, ಉಪ್ಪು ಉದುರಿಸಿ, ಮೇಲೆ ಹಸಿ ಈರುಳ್ಳಿಯಿಟ್ಟು ಕಣ್ಣು ಮುಚ್ಚಿ ತಿನ್ನುತ್ತಿದ್ದ. ಆ ಮುಖ ನೋಡಲೆಂದೇ ಆಲ್ಬೀನಾ ಎದುರಿಗೆ ಕೂರುತ್ತಿದ್ದಳು. ಎಂಥ ದಿನಗಳವು!

ಐವತ್ತು ತುಂಬುವ ಮೊದಲೇ ಲುಮೀರನಿಗೆ ಎದೆನೋವು ಬಂತು. ಬೆಣ್ಣೆ, ನೆಣ ಎರಡೂ ಬಿಡಿ, ಬದಲಿಗೆ ಎಣ್ಣೆಯಿಂದ ಮಾಡಿದ ಮಾರ್ಗರಿನ್ ತಿನ್ನಿ ಎಂದರು ಡಾಕ್ಟರು. ಆಲ್ಬೀನಾ ಅಂದೇ ಜಾಡಿಯನ್ನು ನಾದಿನಿ ವ್ಲಾಸ್ತಾಳ ಮನೆಗೆ ಸಾಗಿಸಿದಳು. ಹಂದಿ ಸಾಕುವವನ ಮನೆಯಲ್ಲಿ ಮಾರ್ಗರಿನ್ನೇ ಎಂದು ಊರು ನಕ್ಕರೂ ಸೊಪ್ಪು ಹಾಕಲಿಲ್ಲ.

"ಒಂದೇ ಒಂದು ಚೂರು ಕಣೇ. ಇದು ಮೇಣದಬತ್ತಿ ನೆಕ್ಕಿದ ಹಾಗಿದೆ."

"ಸುಮ್ನೆ ತಿನ್ರೀ. ನನಗೆ ನೀವು ಬೇಕು, ನಿಮ್ಮ ನಾಲಿಗೆ ಚಪಲ ಅಲ್ಲ."

ಹೀಗೇ ವರ್ಷಗಳು ಕಳೆದವು. ಒಂದು ಸುಗ್ಗಿಯಲ್ಲಿ ಲುಮೀರ್ ಜೋಳದ ಹೊಲದಲ್ಲೇ ಕುಸಿದು ತೀರಿಕೊಂಡ.

ಎಷ್ಟೋ ಕಾಲದ ಮೇಲೆ ಚರ್ಚಿನ ಅಡುಗೆಮನೆಯಲ್ಲಿ ಅವಳು ಹಿಟ್ಟು ನಾದುತ್ತಿದ್ದಾಗ, ನರ್ಸಿಂಗ್ ಓದುತ್ತಿದ್ದ ಮೊಮ್ಮಗಳು ಡಾರ್ಲಾ ಮಾರ್ಗರಿನ್ ಡಬ್ಬಿ ಎತ್ತಿಕೊಂಡಳು.

"ಅಜ್ಜಿ, ಇದು ಬೇಡ. ಸೋಯಾ ಎಣ್ಣೇನ ಗಟ್ಟಿ ಮಾಡೋವಾಗ ಇದ್ರಲ್ಲಿ ಟ್ರಾನ್ಸ್ ಫ್ಯಾಟ್ ಹುಟ್ಟತ್ತೆ. ಕೆಟ್ಟ ಕೊಲೆಸ್ಟ್ರಾಲ್ ಏರಿಸತ್ತೆ, ಒಳ್ಳೇದನ್ನ ಇಳಿಸತ್ತೆ. ಹೃದಯಕ್ಕೆ ನೆಣಕ್ಕಿಂತ್ಲೂ ಕೆಟ್ಟದ್ದು."

ಆಲ್ಬೀನಾಳ ಕೈ ಹಿಟ್ಟಿನಲ್ಲೇ ನಿಂತಿತು. "ಹಂಗಾದ್ರೆ ನಿಮ್ ತಾತನ್ನ ನಾನೇ...?"

ಡಾರ್ಲಾ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಇಲ್ಲಜ್ಜಿ! ನೆಣಾನೂ ಒಳ್ಳೇದೇನಲ್ಲ. ಆಗ ಡಾಕ್ಟ್ರಿಗೇ ಗೊತ್ತಿರ್ಲಿಲ್ಲ."

"ಅವ್ರು ತೀರ್ಕೊಂಡ ದಿನ ಬೆಳಗ್ಗೆನೂ ಒಂದ್ ಚೂರು ಕೇಳಿದ್ರು ಕಣೇ. ಕೊಡ್ಲಿಲ್ಲ ನಾನು, ಪಾಪಿ." ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಒಲೆಯ ಬಳಿಯಿದ್ದ ವ್ಲಾಸ್ತಾ ಮೆಲ್ಲಗೆ ಹತ್ತಿರ ಬಂದಳು. "ಅಳ್ಬೇಡಿ ಅತ್ತಿಗೆ. ನೀವು ಕೊಟ್ಟ ಜಾಡೀನ ನಾನು ವರ್ಷಾ ವರ್ಷಾ ತುಂಬಿಸ್ತಿದ್ನಲ್ಲ, ಯಾರಿಗೆ ಅಂದ್ಕೊಂಡ್ರಿ? ಆವತ್ತೂ ಹೊಲಕ್ಕೆ ಹೋಗ್ತಾ ಅಣ್ಣ ನಮ್ಮನೇಗೆ ಬಂದಿದ್ದ. ಎರಡು ಚೂರು ತಿಂದ. ನಿಮಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ದ."

ಆಲ್ಬೀನಾ ಉರಿದುಬಿದ್ದಳು. "ಕಳ್ಳ! ಇಬ್ರೂ ಕಳ್ರೇ! ನನ್ನ ಕಣ್ಣಿಗೆ ಮಣ್ಣೆರಚಿದ್ರಲ್ಲ!"

ಆಮೇಲೆ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

"ಈರುಳ್ಳಿ ಇತ್ತೇನೇ?"

"ಇತ್ತು ಅತ್ತಿಗೆ."

"ಕಣ್ ಮುಚ್ಕೊಂಡ್ ತಿಂದ್ರಾ?"

"ಮುಚ್ಕೊಂಡೇ."

ಆಲ್ಬೀನಾ ತಲೆಯಾಡಿಸಿ, ಮತ್ತೆ ಹಿಟ್ಟು ನಾದತೊಡಗಿದಳು.